ಕ್ರಿಪ್ಟಾನ್‌ನೊಳಗೆ ಮೀಥೇನ್: ನಿಧಾನದ ಶಾಖ ಅಳೆದ ಅನುಭವ

ಕ್ರಿಪ್ಟಾನ್‌ಗೆ ಶೇ. 1ರಷ್ಟು ಮೀಥೇನ್ ಬೆರೆಸಿ, 5 ಕೆಲ್ವಿನ್‌ಗಿಂತ ಕೆಳಗೆ ಶಾಖಧಾರಕತೆ (ತಾಪ ಏರಿಸಲು ಬೇಕಾಗುವ ಶಾಖ) ಅಳೆಯುತ್ತೇನೆ ಎಂದಾಗ ಯಾರೂ ಒಪ್ಪಲಿಲ್ಲ. ಮೀಥೇನ್‌ನ ಹೈಡ್ರೋಜನ್ ನ್ಯೂಕ್ಲಿಯಸ್‌ಗಳ (ಪ್ರೋಟಾನ್‌ಗಳ) ಸ್ಪಿನ್, ಅಂದರೆ ಅವುಗಳ ಸಹಜ ಕಾಂತೀಯ ಗುಣ, ಬದಲಾಗುವುದು ತೀರಾ ನಿಧಾನ, ಅಷ್ಟು ಹೊತ್ತು ಕಾದರೆ ಅಳೆಯೋದು ಹೊರಗಿನಿಂದ ಬರುವ ಶಾಖದ ಸೋರಿಕೆಯನ್ನೇ ಎಂದರು. ಈಗ ಅಂಕಿ ಕೈಯಲ್ಲಿವೆ. ಒಂದೇ ಹೀಟರ್ ಪಲ್ಸ್‌ನಿಂದ ಶಾಖಧಾರಕತೆಯ ಬೇಗದ ಪಾಲು, ಸ್ಪಿನ್ ಬದಲಾಗುವುದರಿಂದ ಬರುವ ನಿಧಾನದ ಪಾಲು ಎರಡನ್ನೂ ಬೇರೆಬೇರೆಯಾಗಿ ತೆಗೆದಿದ್ದೇನೆ.

ಶೇ. 1 ಯಾಕೆ ಅಂದರೆ, ಹರಳಿನಲ್ಲಿ ಸುತ್ತಲಿನ 12 ನೆರೆಯವರಲ್ಲಿ ಒಂದೂ ಮೀಥೇನ್ ಇಲ್ಲದ ಮೀಥೇನ್ ಅಣುಗಳು ಆಗ ಶೇ. 89ರಷ್ಟು ಇರುತ್ತವೆ. ಅವು ಹೆಚ್ಚುಕಡಿಮೆ ಸ್ವತಂತ್ರವಾಗಿ ತಿರುಗುತ್ತವೆ. ಲೆಕ್ಕ ಸಲೀಸು.

ಕಾಡಿದ್ದು ಹೀಲಿಯಂ ಅನಿಲ. ತಣಿಸಲು ಬಿಟ್ಟ ಅನಿಲದಲ್ಲಿ ಸ್ವಲ್ಪ ಮಾದರಿಗೇ ಅಂಟಿಕೊಳ್ಳುತ್ತದೆ. ಪಲ್ಸ್ ಕೊಟ್ಟಾಗ ಅದು ಬಿಟ್ಟು ಹೋಗುತ್ತಾ ಶಾಖ ಎಳೆದುಕೊಳ್ಳುತ್ತದೆ. ಸ್ಪಿನ್ ಪರಿವರ್ತನೆಯೂ ಶಾಖ ಹೀರಿ ಹಾಗೇ ತಾಪ ಇಳಿಸುತ್ತದೆ. ಎರಡೂ ಒಂದೇ ದಿಕ್ಕು, ಗುರುತು ಹಿಡಿಯೋದು ಹೇಗೆ? ರಾತ್ರಿಯಿಡೀ ಪಂಪ್ ಮಾಡಿದರೂ ಪೂರ್ತಿ ಹೋಗಲಿಲ್ಲ. ಕೊನೆಗೆ ಅನಿಲವನ್ನೇ ಬಿಟ್ಟು ಯಾಂತ್ರಿಕ ಹೀಟ್ ಸ್ವಿಚ್ (ದವಡೆಯಿಂದ ಹಿಡಿದು ತಣಿಸಿ, ಆಮೇಲೆ ಬಿಟ್ಟುಬಿಡುವ ಸಾಧನ) ಹಾಕಿದೆ. ಅದರ ದವಡೆಗೆ ಏನು ಲೇಪಿಸಿದ್ದೇನೆ ಅನ್ನೋದು ಸದ್ಯ ನನ್ನಲ್ಲೇ ಇರಲಿ.

ಸೋರಿಕೆ ಎಂದವರಿಗೆ ಉತ್ತರ ಹೀಗೆ ಕೊಟ್ಟೆ. ಪಲ್ಸ್ ಆದಮೇಲೆ ಶೀಲ್ಡ್ (ಸುತ್ತಲಿನ ಶಾಖ ತಡೆ ಕವಚ) ಅನ್ನು ಮಾದರಿ ಇರುವ ಕೋಶಕ್ಕಿಂತ ಕೆಲವು ಮಿಲಿಕೆಲ್ವಿನ್ ಬಿಸಿಯಾಗಿ ಇಟ್ಟೆ. ಸೋರಿಕೆಯಾದರೆ ಕೋಶ ಬಿಸಿಯಾಗಬೇಕು, ಅಲ್ವಾ? ಅದು ಇಳಿಯುತ್ತಲೇ ಹೋಯಿತು. ಬರೀ ಕ್ರಿಪ್ಟಾನ್ ಹಾಕಿದಾಗ ಇಳಿಕೆ ಇಲ್ಲವೇ ಇಲ್ಲ. ತಾಪ ಇಳಿಯುವ ಈ ಗೆರೆಯನ್ನು ಇಷ್ಟು ಶುದ್ಧವಾಗಿ ತೆಗೆದಿದ್ದಕ್ಕೆ ನನಗೆ ಹೆಮ್ಮೆಯಿದೆ.

ದುಡ್ಡೆಲ್ಲ ಕಾಯುವುದಕ್ಕೇ ಹೋಯಿತು. 2 ಕೆಲ್ವಿನ್ ಸುತ್ತ ಒಂದು ಬಿಂದುವಿಗೆ ಸುಮಾರು ಅರ್ಧ ದಿನ. ಅಷ್ಟೂ ಹೊತ್ತು ದ್ರವ ಹೀಲಿಯಂ ಆವಿಯಾಗುತ್ತಲೇ ಇರುತ್ತದೆ. ವರ್ಷದ ಹೀಲಿಯಂ ಹಣದಲ್ಲಿ ಮುಕ್ಕಾಲು ಪಾಲು ಹೀಗೇ ಕರಗಿತು. ಆಗ ಆಮ್ಲಜನಕ ಬೆರೆಸಿದೆ, ಶೇ. 0.2ರ ಆಸುಪಾಸು. ಅದರ ಕಾಂತಕ್ಷೇತ್ರ ಪ್ರೋಟಾನ್‌ಗಳ ಸ್ಪಿನ್ ಅನ್ನು ಬೇಗ ತಿರುಗಿಸುತ್ತದೆ. ಗಂಟೆಗಳ ಕೆಲಸ ನಿಮಿಷಕ್ಕೆ ಬಂತು. ಆದರೆ ಆಮ್ಲಜನಕಕ್ಕೂ ಈ ತಾಪದಲ್ಲಿ ತನ್ನದೇ ಶಾಖಧಾರಕತೆ ಇದೆ. ಮೀಥೇನ್ ಇಲ್ಲದ ಮಾದರಿಯನ್ನು ಬೇರೆ ಅಳೆದು ಕಳೆಯಲೇಬೇಕು. ಇದನ್ನು ಮಾಡದೆ ಬಿಟ್ಟರೆ ಶಾಖಧಾರಕತೆಯ ಗೆರೆಯಲ್ಲಿ ಮೀಥೇನ್‌ನಿಂದ ಬರುವ ಉಬ್ಬು ಸುಮ್ನೆ ದೊಡ್ಡದಾಗಿ ಕಾಣುತ್ತದೆ.

ಮಾದರಿ ಬೆಳೆಸುವುದು ನಿಮಗೆಲ್ಲ ಗೊತ್ತೇ ಇದೆ. ನಿಧಾನವಾಗಿ ತಣಿಸಬೇಕು; ಬಿರುಕು ಬಿಟ್ಟರೆ ಕೋಶದ ಗೋಡೆಗೆ ಸಂಪರ್ಕ ಹೋಗುತ್ತದೆ. ಥರ್ಮಾಮೀಟರ್ ಪರೀಕ್ಷೆಗೆ ಶುದ್ಧ ಮೀಥೇನ್ ಸಾಕು. ಜರ್ಮನ್ ವಿಜ್ಞಾನಿ ಕ್ಲೂಸಿಯಸ್ 1929ರಲ್ಲಿ ಕಂಡ ಶಾಖಧಾರಕತೆಯ 20.4 ಕೆಲ್ವಿನ್ ಶಿಖರ ಅಲ್ಲೇ ಇರುತ್ತದೆ, ತಪ್ಪುವುದಿಲ್ಲ.

ನಡುವೆ ಡ್ಯೂಟೇರಿಯಂ ಮೀಥೇನ್ (ಹೈಡ್ರೋಜನ್ ಬದಲು ಭಾರದ ಹೈಡ್ರೋಜನ್ ಇರುವ ಮೀಥೇನ್) ಕೂಡ ಹಾಕಿ ನೋಡಿದೆ. ಅದರ ತಿರುಗುವಿಕೆಯ ಜಡತ್ವ (ಮೊಮೆಂಟ್ ಆಫ್ ಇನರ್ಷಿಯಾ) ಎರಡು ಪಟ್ಟು, ಹಾಗಾಗಿ ತಿರುಗುವ ಮಟ್ಟಗಳ ಅಂತರ ಸುಮಾರು ಅರ್ಧ. ಉಬ್ಬು ಕೆಳಗಿನ ತಾಪಕ್ಕೆ ಸರಿಯಿತು. ಪೂರ್ತಿ ಅಳೆಯಲು ನನ್ನ ಕ್ರಯೋಸ್ಟಾಟ್ (ಅತಿ ತಣ್ಣನೆಯ ತಾಪ ಕಾಯುವ ಪಾತ್ರೆ) ಇನ್ನೂ ತಣ್ಣಗಾಗಬೇಕು.

ಈಗ ಶೇ. 5ರ ಮಾದರಿ ಒಳಗಿದೆ. ಅಲ್ಲಿ ಒಂಟಿ ಅಣುಗಳು ಶೇ. 54 ಮಾತ್ರ. ಜೋಡಿಗಳ ಲೆಕ್ಕ ಬೇರೆಯೇ ಹಾಕಬೇಕು.