ಬೈಕಿನ ಹಿಂದಿನ ಶಾಕ್ ಹೋಗಿದೆಯಾ? ಬಿಚ್ಚುವ ಮೊದಲು ನೋಡಿ

ಹಂಪ್ ದಾಟಿದ ಮೇಲೂ ಬೈಕಿನ ಹಿಂಭಾಗ ಎರಡು ಮೂರು ಸಲ ಎಗರಿದರೆ, ಬೆಂಗಳೂರಿನ ಎಷ್ಟೋ ಗ್ಯಾರೇಜುಗಳಲ್ಲಿ ಸ್ಪಾನರ್ ಹಾಕಿ ಶಾಕ್ ಅಬ್ಸಾರ್ಬರ್‌ನ ಕಾಲರ್, ಅಂದರೆ ಸ್ಪ್ರಿಂಗ್ ಕೂರುವ ಮೆಟ್ಟಿಲುಳ್ಳ ಉಂಗುರವನ್ನು, ಒಂದು ಮೆಟ್ಟಿಲು ಏರಿಸಿ ಕಳಿಸುತ್ತಾರೆ. ಸೀಟು ತುಸು ಎತ್ತರವಾಗುತ್ತದೆ, ಎಗರಾಟ ಹಾಗೇ ಉಳಿಯುತ್ತದೆ. ಭಾರ ಹೊರುವುದು ಸ್ಪ್ರಿಂಗ್, ಎಗರಾಟ ತಡೆಯುವುದು ಡ್ಯಾಂಪರ್, ಅಂದರೆ ಸ್ಪ್ರಿಂಗ್ ನಡುವಿನ ಕೊಳವೆಯ, ಒಳಗಿನ ಆಯಿಲ್. ಒಂದರ ಕಾಯಿಲೆಗೆ ಇನ್ನೊಂದಕ್ಕೆ ಮದ್ದು ಹಾಕಿದರೆ ಆಗದು.

ಮೊದಲು ಟೈರ್ ತಣ್ಣಗಿರುವಾಗ ಗಾಳಿ ನೋಡಿ. ಗಾಳಿ ಜಾಸ್ತಿಯಿದ್ದರೂ ಶಾಕ್ ಗಟ್ಟಿಯಾದಂತೆಯೇ ಅನಿಸುತ್ತದೆ. ಆಮೇಲೆ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಒಬ್ಬರು ಹ್ಯಾಂಡಲ್ ಹಿಡಿದಿರಲಿ. ಸೀಟಿನ ಹಿಂಬದಿಯನ್ನು ಮೈಭಾರ ಹಾಕಿ ಒತ್ತಿ, ಥಟ್ಟನೆ ಬಿಡಿ. ಒಮ್ಮೆ ಮೇಲೆ ಬಂದು ನಿಂತರೆ ಸರಿ. ಉಯ್ಯಾಲೆಯಂತೆ ಮತ್ತೆ ಮತ್ತೆ ಆಡಿದರೆ ಡ್ಯಾಂಪರ್ ಸತ್ತಿದೆ.

ಲೀಕ್ ವಿಷಯದಲ್ಲಿ ಮೋಸಹೋಗುವವರೇ ಹೆಚ್ಚು. ನಮ್ಮ ಬಹುತೇಕ ಬೈಕುಗಳಲ್ಲಿ ಚೈನ್ ಎಡಕ್ಕಿರುತ್ತದೆ. ಚೈನಿಗೆ ಹಾಕಿದ ಆಯಿಲ್ ಸಿಡಿದು ಎಡಗಡೆಯ ಶಾಕ್ ಮೇಲೆ ಕೂರುತ್ತದೆ. ಸ್ಪ್ರಿಂಗ್ ಸುರುಳಿಗಳ ಹೊರಮೈಯಲ್ಲಿ ಚುಕ್ಕಿ ಚುಕ್ಕಿಯಾಗಿದ್ದರೆ ಅದು ಸಿಡಿದದ್ದು. ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, 20 ಕಿ.ಮೀ. ಓಡಿಸಿ ಬಂದು ಸುರುಳಿಗಳ ನಡುವೆ ಟಾರ್ಚ್ ಬಿಡಿ. ಹೊಳೆಯುವ ರಾಡ್ ಸೀಲಿನೊಳಕ್ಕೆ (ಆಯಿಲ್ ಹೊರಬಾರದಂತೆ ತಡೆಯುವ ರಬ್ಬರ್ ಉಂಗುರ) ಹೋಗುವ ಕಡೆ ಧೂಳು ಮೆತ್ತಿದ ಹಸಿ ಉಂಗುರ ಮತ್ತೆ ಕಂಡರೆ ಸೀಲ್ ಹೋಗಿದೆ. ಕೈಗೆಟುಕುವ ಕಡೆ ರಾಡ್ ಮೇಲೆ ಉಗುರಿನಿಂದ ಸವರಿ ನೋಡಿ: ತುಕ್ಕಿನ ಗುಳಿಗೆ ಉಗುರು ಸಿಕ್ಕಿಬಿದ್ದರೆ, ಹೊಸ ಸೀಲ್ ಹಾಕಿದರೂ ಆ ಗುಳಿ ಅದನ್ನೂ ತಿಂದುಹಾಕುತ್ತದೆ.

ಗುಂಡಿಗಿಳಿದಾಗ 'ಕಟಕ್' ಅಂದರೆ ಬೋಲ್ಟ್ ಸುತ್ತ ಕೂರುವ ಬುಷ್ (ಸಣ್ಣ ಕೊಳವೆ) ಮೇಲೆ ಅನುಮಾನ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಮೇಲಕ್ಕೆತ್ತಿ. ಸ್ಪ್ರಿಂಗ್ ಒತ್ತಿಕೊಳ್ಳುವ ಮೊದಲೇ ಸಡಿಲ ಸಿಕ್ಕರೆ ಶಾಕ್‌ನ ಕಣ್ಣಿನ (ತುದಿಯ ಬೋಲ್ಟ್ ತೂತಿನ) ರಬ್ಬರ್ ಬುಷ್ ಸವೆದಿದೆ. ಚಕ್ರ ಅಡ್ಡಕ್ಕೆ ಆಡಿದರೆ ಶಾಕನ್ನು ಬೈಯಬೇಡಿ: ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಕೂಡ ಜೊತೆಗೆ ಆಡಿದರೆ ಅದರ ಬುಷ್, ಚಕ್ರ ಮಾತ್ರ ಆಡಿದರೆ ಬೇರಿಂಗ್.

ಕಾಲರ್ ಮೆಟ್ಟಿಲನ್ನು ಅಂದಾಜಿನಲ್ಲಿ ಇಡಬೇಡಿ. ಚಕ್ರ ಗಾಳಿಯಲ್ಲಿರುವಾಗ ಆಕ್ಸಲ್‌ನಿಂದ ನೇರ ಮೇಲೆ ಬಾಡಿಯ ಒಂದು ಗುರುತಿನವರೆಗೆ ಅಳೆಯಿರಿ. ಸ್ಟ್ಯಾಂಡಿನಿಂದ ಇಳಿಸಿ, ಓಡಿಸುವವರು ಕೂತ ಮೇಲೆ ಮತ್ತೆ ಅಳೆಯಿರಿ. ವ್ಯತ್ಯಾಸ ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ಚಲನೆಯ ಸುಮಾರು ಮೂರನೇ ಒಂದು ಭಾಗ ಇರಬೇಕು, 90 ಮಿ.ಮೀ. ಚಲನೆಗೆ 30 ಮಿ.ಮೀ. ಅದಕ್ಕಿಂತ ಹೆಚ್ಚು ಕುಸಿದರೆ ಒಂದು ಮೆಟ್ಟಿಲು ಏರಿಸಿ. ಎರಡು ಶಾಕ್ ಇದ್ದರೆ ಎಡಬಲ ಒಂದೇ ಮೆಟ್ಟಿಲಲ್ಲಿರಲಿ.

ಜೋಡಿ ಶಾಕ್ ಬಿಚ್ಚುವಾಗ ಒಂದಾದ ಮೇಲೆ ಒಂದು. ಎರಡನ್ನೂ ಒಟ್ಟಿಗೆ ತೆಗೆದರೆ ಸ್ವಿಂಗ್‌ಆರ್ಮ್ ದಬಕ್ಕನೆ ಕೆಳಗಿಳಿಯುತ್ತದೆ. ವಾಶರ್‌ಗಳ ಕ್ರಮ ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ. ಹೊಸ ರಬ್ಬರ್ ಬುಷ್ ತೂರಿಸಲು ಸೋಪಿನ ನೀರು ಸಾಕು. ಗ್ರೀಸ್, ಸೀಮೆಎಣ್ಣೆ ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ. ಸ್ಪ್ರಿಂಗ್ ಕಳಚಲು ಕಂಪ್ರೆಸರ್ ಟೂಲ್ ಬೇಕೇ ಬೇಕು, ಹಗ್ಗ ಕಟ್ಟಿ ಸಾಹಸ ಬೇಡ. ಗ್ಯಾಸ್ ಶಾಕ್‌ನಲ್ಲಿ ನೈಟ್ರೋಜನ್ ಒತ್ತಡದಲ್ಲಿರುತ್ತದೆ. ಅದನ್ನು ಮನೆಯಲ್ಲಿ ಬಿಚ್ಚಬಾರದು, ಗುಜರಿಗೆ ಹಾಕುವಾಗಲೂ ತೂತು ಕೊರೆಯಬಾರದು.

ಮಾಮೂಲಿ ಬೈಕುಗಳ ಜೋಡಿ ಶಾಕ್ ಹೆಚ್ಚಾಗಿ ಬಿಚ್ಚಲಾಗದಂತೆ ಮುಚ್ಚಿದವು, ಸೀಲ್ ಹೋದರೆ ಜೋಡಿಯನ್ನೇ ಬದಲಿಸಬೇಕು. ಬೆಂಗಳೂರಿನ ಬಿಡಿಭಾಗಗಳ ಅಂಗಡಿಸಾಲಾದ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯದನ್ನು ಒಯ್ದು, ಕಣ್ಣಿಂದ ಕಣ್ಣಿಗೆ ಉದ್ದ ಮತ್ತು ಬುಷ್ ತೂತಿನ ಅಳತೆ ಅಂಗಡಿಯಲ್ಲೇ ತಾಳೆ ನೋಡಿ. ಹಾಕಿದ ಮೇಲೆ ವಾಟರ್ ಸರ್ವಿಸ್‌ನವರಿಗೆ ಸೀಲಿಗೆ ನೇರ ಪೈಪ್ ಹಿಡಿಯಬೇಡಿ ಅಂತ ಮೊದಲೇ ಹೇಳಿಬಿಡಿ.