ಅಜ್ಜನ ಟ್ರೆಡಲ್‌ನಲ್ಲಿ ಮತ್ತೆ ಮದುವೆ ಕಾಗದ

"ಅದನ್ನು ಗುಜರಿಗೆ ಕೊಟ್ಟು ಜಾಗ ಖಾಲಿ ಮಾಡು ಮಾರಾಯ" ಅಂತ ಅಜ್ಜನ ಕಾಲದ ಅಚ್ಚಿನ ಮೆಷಿನ್ ಟ್ರೆಡಲ್ ಬಗ್ಗೆ ಅಪ್ಪ ಹತ್ತು ವರ್ಷ ಹೇಳಿದ್ದರು. ಕಾಸರಗೋಡಿನ ಪ್ರೆಸ್ಸಿನ ಗೆಳೆಯರದ್ದೂ ಅದೇ ಮಾತು. ಈಗ ಬದಿಯಡ್ಕದ ನಮ್ಮ ಪ್ರೆಸ್ಸಿನಲ್ಲಿ ವರ್ಷಕ್ಕೆ ನಲವತ್ತರಷ್ಟು ಮದುವೆಗಳ ಕಾಗದ ಅದೇ ಟ್ರೆಡಲ್‌ನಲ್ಲಿ ಅಚ್ಚಾಗುತ್ತದೆ. ಅಂದು ನಕ್ಕವರೇ ಇಂದು ಹೇಗೆ ಅಂತ ಕೇಳುತ್ತಿದ್ದಾರೆ.

ಅಜ್ಜ ಪ್ರೆಸ್ ಹಾಕಿದ್ದು 1960ರ ಆಚೀಚೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿಯಾಗಿತ್ತು. ಕನ್ನಡ ಮೊಳೆ, ಅಂದರೆ ಅಚ್ಚಿಗೆ ಜೋಡಿಸುವ ಸೀಸದ ಅಕ್ಷರ, ಮಾತ್ರ ಇಟ್ಟುಕೊಂಡರೆ ಹೊಟ್ಟೆ ತುಂಬುವುದಿಲ್ಲ ಅಂತ ಅಜ್ಜನಿಗೆ ಬೇಗ ಗೊತ್ತಾಯಿತು. ಸಾಲ ಮಾಡಿ ಮಲಯಾಳ ಮೊಳೆಯನ್ನೂ ತಂದರು. ಆಗಿನ ಕೂಡಕ್ಷರಗಳಿಗೆ ಮೊಳೆ ಇಡುವ ಕೇಸುಗಳೇ ಸಾಲುತ್ತಿರಲಿಲ್ಲವಂತೆ. 1971ರಲ್ಲಿ ಮಲಯಾಳ ಲಿಪಿಯನ್ನು ಸುಧಾರಿಸಿ ಕೂಡಕ್ಷರ ಕಡಿಮೆ ಮಾಡಿದ ಮೇಲೆ ಅರ್ಧ ಗೋಡೆ ಖಾಲಿಯಾಯಿತು ಅಂತ ಅಜ್ಜಿ ಹೇಳುತ್ತಿದ್ದರು.

ಅಪ್ಪ ಆಫ್‌ಸೆಟ್ ತಂದರು. ಮೊಳೆಯನ್ನೆಲ್ಲ ತೂಕಕ್ಕೆ ಮಾರಿದರು, ಐದು ಕ್ವಿಂಟಾಲ್ ಹತ್ತಿರ ಇತ್ತು. ಆ ದುಡ್ಡಿನಲ್ಲಿ ಮೊದಲ ಕಂಪ್ಯೂಟರ್ ಬಂತು. ಆ ಕಾಲಕ್ಕೆ ಅದು ಸರಿಯೇ. ದೇವಸ್ಥಾನದ ರಶೀದಿ ಪುಸ್ತಕಕ್ಕೆ ನಂಬರ್ ಹಾಕಲು, ಹರಿಯುವ ಕಡೆ ತೂತಿನ ಸಾಲು (ಪರ್ಫೊರೇಶನ್) ಹೊಡೆಯಲು ಬೇಕಿತ್ತು, ಅದಕ್ಕೇ ಟ್ರೆಡಲ್ ಉಳಿಯಿತು.

ನಾನು ಮಾಡಿದ್ದು ಫ್ಲೆಕ್ಸ್. ಮೆಷಿನ್‌ಗೆ ಹತ್ತು ಲಕ್ಷದ ಹತ್ತಿರ ಸಾಲ. 2019ರಲ್ಲಿ ಕೇರಳ ಸರಕಾರ ಪಿವಿಸಿ ಫ್ಲೆಕ್ಸ್ ನಿಷೇಧಿಸಿತು. ಬಟ್ಟೆ ಹಾಕಿ ನೋಡಿದೆ, ದರ ಹೊಂದಲಿಲ್ಲ. ಮಾರುವಾಗ ಎರಡು ಲಕ್ಷವೂ ಸಿಗಲಿಲ್ಲ. ಮರುವರ್ಷ ಕೊರೊನಾ. ಗಡಿಯ ತಲಪಾಡಿಯಲ್ಲಿ ರಸ್ತೆ ಬಂದ್, ಮಂಗಳೂರಿನಿಂದ ಕಾಗದ ಬರುವುದೂ ನಿಂತಿತು. ಮದುವೆಗೆ ಬೆರಳೆಣಿಕೆಯ ಜನ, ಕರೆಯಲು ವಾಟ್ಸಾಪ್ ಸಾಕು.

ಸುಮ್ನೆ ಕೂತಿದ್ದಾಗಲೇ ಈ ಲೆಕ್ಕ ಹೊಳೆದದ್ದು. ಸಾವಿರ ಕಾಗದ ಹೊಡೆಸುವವರು ಇನ್ನು ಕಡಿಮೆ. ಆದರೆ ಹತ್ತಿರದವರಿಗೆ ಕೈಯಲ್ಲಿ ಕೊಡಲು ನೂರು, ನೂರೈವತ್ತು ಬೇಕು ಅನ್ನುವವರು ಇರುತ್ತಾರೆ. ಅವರಿಗೆ ಬೆರಳಿಗೆ ತಾಗುವ ಅಚ್ಚು ಕೊಡಬೇಕು. ಮೊಳೆ ಇಲ್ಲ, ಹಾಗಾಗಿ ಅಕ್ಷರ ಉಬ್ಬಿ ನಿಂತ ಪ್ಲಾಸ್ಟಿಕ್‌ನಂಥ ಪಾಲಿಮರ್ ಪ್ಲೇಟ್. ಕಂಪ್ಯೂಟರಿನಲ್ಲಿ ಜೋಡಿಸಿ ಬೆಂಗಳೂರಿಗೆ ಕಳಿಸಿದರೆ ಕೊರಿಯರ್‌ನಲ್ಲಿ ಬರುತ್ತದೆ. ಎರಡು ಬಣ್ಣಕ್ಕೆ ಸಾವಿರದ ಇನ್ನೂರರಷ್ಟು ಆಗುತ್ತದೆ. ರೋಲರ್ ಹೊಸದಾಗಿ ಕಟ್ಟಿಸಲು ಹನ್ನೊಂದು ಸಾವಿರ ಹೋಯಿತು.

ಮೊದಲ ಆರ್ಡರ್ ಇನ್ನೂರು ಕಾಗದ, ಎಂಬತ್ತು ಹಾಳು. ಮಲಯಾಳದ ಬದಿ ಚೆನ್ನಾಗಿಯೇ ಬಂತು. ಕೈಕೊಟ್ಟದ್ದು ಕನ್ನಡ. ಮೇಲೆ 'ಶ್ರೀ ಲಕ್ಷ್ಮೀವೆಂಕಟೇಶ್ವರ ಪ್ರಸನ್ನ' ಅಂತ ಇತ್ತು. 'ಕ್ಷ್ಮೀ'ಯ ಕೆಳಗಿನ ಎರಡು ಒತ್ತಕ್ಷರ ಒಂದಕ್ಕೊಂದು ಅಂಟಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಆಗಿತ್ತು. ಶಾಯಿ ಕಡಿಮೆ ಮಾಡಿದರೆ ತಲೆಕಟ್ಟು ಮಾಸಲು. ಒತ್ತು ಹೆಚ್ಚಲೆಂದು ಅಡಿಗೆ ಇಡುವ ಪ್ಯಾಕಿಂಗ್ ಜಾಸ್ತಿ ಮಾಡಿದರೆ ಕಾಗದದ ಹಿಂದೆ ಉಬ್ಬು. ಮೂರು ಸಲ ಪ್ಲೇಟ್ ಮಾಡಿಸಿದೆ. ಕೊನೆಗೆ ಒತ್ತಕ್ಷರವನ್ನು ಫಾಂಟಿನಲ್ಲಿ ಬಂದ ಹಾಗೆ ಬಿಡದೆ ಒಂದೊಂದನ್ನೂ ಕೂದಲೆಳೆಯಷ್ಟು ಕೆಳಗೆ ಇಳಿಸಿ, ಒಳಗಿನ ಸಂದು ಅಗಲಿಸಿದೆ. ಆಗ ಬಿಡಿಬಿಡಿಯಾಗಿ ಬಂತು! ಹಿಂದೆ ಮೊಳೆ ಜೋಡಿಸುತ್ತಿದ್ದ ನಮ್ಮ ಹಳೆಯ ಕಂಪೋಸಿಟರ್ ಕನ್ನಡಕ ಏರಿಸಿ ನೋಡಿ, "ನಾವು ಮೊಳೆ ಕೆರೆದು ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ" ಅಂದರು.

ಮಳೆಗಾಲ ಇನ್ನೊಂದು ತಲೆನೋವು. ಜೂನ್‌ನಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಎರಡನೇ ಬಣ್ಣ ಅದರ ಜಾಗದಲ್ಲಿ ಕೂರುವುದೇ ಇಲ್ಲ. ಈಗ ನನ್ನದು ಆಟಿ ತಿಂಗಳ ಜೋರು ಮಳೆಯಲ್ಲೂ ಕೂರುತ್ತದೆ. ಹಿಂದಿನ ರಾತ್ರಿ ಕಾಗದವನ್ನು ಎಲ್ಲಿ, ಹೇಗೆ ಇಡುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಎರಡು ಮಳೆಗಾಲ ಸುರಿದಿದ್ದೇನೆ.

ನಡುವೆ ಅಡಿಕೆ ಹಾಳೆಯ ಬೀಸಣಿಗೆಯ ಮೇಲೆ ಮದುವೆ ಕಾಗದ ಅಚ್ಚು ಹಾಕಲು ಹೋದೆ. ಬೇಸಿಗೆ ಮದುವೆಗೆ ಬೀಸಲೂ ಆಯಿತು, ಕರೆಯಲೂ ಆಯಿತು ಅಂತ. ಹಾಳೆಯನ್ನು ತಟ್ಟೆ ಮಾಡುವ ಮೆಷಿನ್‌ನಲ್ಲಿ ಬಿಸಿ ಒತ್ತಿ ಚಪ್ಪಟೆ ಮಾಡಿದೆ. ಆದರೂ ನಾರಿನ ಗೆರೆ ಪ್ಲೇಟನ್ನೇ ತಿಂದಿತು. ಆಮೇಲೆ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದು ಗೃಹಪ್ರವೇಶಕ್ಕೆ ಎಪ್ಪತ್ತು ಮಾಡಿಕೊಟ್ಟೆ. ಚೆಂದ ಇತ್ತು, ಲಾಭ ಇರಲಿಲ್ಲ.

ಈಗ ಒಂದು ಕಾಗದಕ್ಕೆ ಅರವತ್ತರಿಂದ ತೊಂಬತ್ತು ರೂಪಾಯಿ. ಆಫ್‌ಸೆಟ್‌ನಲ್ಲಾದರೆ ಹನ್ನೆರಡಕ್ಕೆ ಮಾಡಿಕೊಡುತ್ತೇನೆ, ಅದರಲ್ಲಿ ಉಳಿಯುವುದು ಒಂದೂವರೆ. ಇದರಲ್ಲಿ ಇಪ್ಪತ್ತೈದಾದರೂ ಉಳಿಯುತ್ತದೆ. ದುಬೈಯಲ್ಲಿರುವ ನಮ್ಮ ಕಡೆಯವರೇ ಜಾಸ್ತಿ ಮಾಡಿಸುತ್ತಾರೆ. ಫ್ಲೆಕ್ಸಿನ ಸಾಲ ಕಳೆದ ವಿಷುವಿಗೆ ಮುಗಿಯಿತು. ಗುಜರಿಗೆ ಕೊಡು ಅಂದ ಅಪ್ಪನೇ ಸಂಜೆ ಹೊತ್ತು ಸ್ಟೂಲ್ ಎಳೆದುಕೊಂಡು ಟ್ರೆಡಲ್‌ಗೆ ಕಾಗದ ಕೊಡಲು ಕೂರುತ್ತಾರೆ. ನನಗಿಂತ ಅವರ ಕೈಯೇ ಚುರುಕು.

ಯಾರ ಅಟ್ಟದಲ್ಲಾದರೂ ಕನ್ನಡ ಮೊಳೆ, ಹನ್ನೆರಡು ಪಾಯಿಂಟಿನದ್ದು, ಒತ್ತಕ್ಷರ ಸಮೇತ ಉಳಿದಿದ್ದರೆ ಕರಗಿಸಲು ಕೊಡಬೇಡಿ. ಗುಜರಿಯವನ ದರಕ್ಕಿಂತ ಜಾಸ್ತಿ ಕೊಟ್ಟು ನಾನೇ ಬಂದು ಒಯ್ಯುತ್ತೇನೆ.