ಅಪ್ಪಯ್ಯನ ಕೋವಿಯನ್ನು ಠಾಣೆಗೆ ಒಪ್ಪಿಸಿದ ಅನುಭವ

ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಕೋವಿ ಇಟ್ಟುಕೊಳ್ಳುವುದು ಹಳೆಯ ರೂಢಿ. ನಮ್ಮಲ್ಲಿದ್ದುದು ಒಂಟಿ ನಳಿಗೆಯ, 12 ಬೋರ್ ಅಳತೆಯ, ತೋಟಾ (ಕಾಡತೂಸು) ಹಾಕಿ ಹೊಡೆಯುವ ಕೋವಿ. ಅಪ್ಪಯ್ಯ ತೀರಿಕೊಂಡ ಮೇಲೆ ಅದನ್ನು ಏನು ಮಾಡುವುದೆಂಬ ಮಾತು ಬಂದಾಗ, ಅಟ್ಟದ ಮೇಲೆ ಬಿದ್ದಿರಲಿ ಎಂದವರೇ ಹೆಚ್ಚು. ಆದರೆ ಪರವಾನಗಿ ಕೊಟ್ಟಿರುವುದು ವ್ಯಕ್ತಿಗೆ, ಮನೆಗಲ್ಲ. ಕಾನೂನುಬದ್ಧವಾಗಿ ಇಟ್ಟುಕೊಳ್ಳುವ ಹಕ್ಕು ತಪ್ಪಿದ ಆಯುಧವನ್ನು ಅನಗತ್ಯವಾಗಿ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಾಗಲಿ, ಪರವಾನಗಿ ಹೊಂದಿದ ವ್ಯಾಪಾರಿಯ ಬಳಿಯಾಗಲಿ ಠೇವಣಿ ಇಡಬೇಕೆಂದು 1959ರ ಆಯುಧ ಕಾಯ್ದೆಯ 21ನೆಯ ಕಲಂ ಹೇಳುತ್ತದೆ.

ವಾರಸುದಾರನಾಗಿ ನನ್ನ ಹೆಸರಿಗೆ ಹೊಸ ಪರವಾನಗಿ ಕೇಳುವ ಅವಕಾಶ ಇತ್ತು. ಅದು ನನಗೆ ಬೇಕೆನಿಸಲಿಲ್ಲ. ಏಕೆಂದರೆ ಬೆಳೆ ರಕ್ಷಣೆಯ ಪರವಾನಗಿ ಕೈಯಲ್ಲಿದ್ದ ಮಾತ್ರಕ್ಕೆ ಹಂದಿಯನ್ನು ಹೊಡೆಯಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ, ಇನ್ನು ನಮ್ಮ ತೋಟದ ಮಂಗಗಳಂತೂ ಬೆದರಿಕೆಯ ಈಡಿಗೆ ಅಂಜುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ.

ಠಾಣೆಗೆ ಮೊದಲೇ ಫೋನ್ ಮಾಡಿ ತಿಳಿಸಿ, ನಳಿಗೆ ಖಾಲಿಯಿದೆಯೆಂದು ನೋಡಿಕೊಂಡು, ಕೋವಿಯನ್ನು ಗೋಣಿಯಲ್ಲಿ ಸುತ್ತಿ, ಉಳಿದ ತೋಟಾಗಳನ್ನು ಬೇರೆ ಡಬ್ಬಿಯಲ್ಲಿಟ್ಟು ಜೀಪಿನಲ್ಲಿ ಒಯ್ದೆ. ಜೊತೆಗೆ ಪರವಾನಗಿ ಪುಸ್ತಕ, ಮರಣ ಪ್ರಮಾಣಪತ್ರ, ವಂಶವೃಕ್ಷ, ಅಕ್ಕಂದಿರ ಒಪ್ಪಿಗೆ ಪತ್ರ ಇದ್ದವು. ಠಾಣೆಯ ದಾಖಲೆ ಬರೆಯುವ ಪೊಲೀಸರು ಕೋವಿಯನ್ನು ಕೀಲಿನಲ್ಲಿ ಬಾಗಿಸಿ ತೆರೆದು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಲೋಹದ ಮೇಲೆ ಕೆತ್ತಿದ ಸಂಖ್ಯೆ ತುಕ್ಕಿನಲ್ಲಿ ಮುಚ್ಚಿಹೋಗಿದ್ದರಿಂದ ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿ ಪುಸ್ತಕದೊಂದಿಗೆ ತಾಳೆ ನೋಡಿದರು. ಆಮೇಲೆ ತೋಟಾಗಳನ್ನು ಎಣಿಸಿ, ಹಿಡಿಗೆ ಚೀಟಿ ಕಟ್ಟಿ ರಸೀದಿ ಬರೆದುಕೊಟ್ಟರು. ಚುನಾವಣೆ ಬಂದಾಗಲೆಲ್ಲ ಊರಿನ ಕೋವಿಗಳು ಇಲ್ಲಿಗೇ ಬಂದುಹೋಗುವುದರಿಂದ ಅವರಿಗೆ ಈ ಕೆಲಸ ಕರತಲಾಮಲಕ.

ಸರ್ಕಾರದಿಂದ ಇದಕ್ಕೆ ಬಿಡಿಗಾಸೂ ಸಿಗಲಿಲ್ಲ. 1996ರ ಏಪ್ರಿಲ್‌ನಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಗುಂಡಿನ ದಾಳಿಯಲ್ಲಿ 35 ಜನರ ಹತ್ಯೆಯಾದ ಮೇಲೆ ಆಸ್ಟ್ರೇಲಿಯಾ ಸರ್ಕಾರವು ಆರೋಗ್ಯ ತೆರಿಗೆಯನ್ನು ಒಂದು ವರ್ಷದ ಮಟ್ಟಿಗೆ ಏರಿಸಿ, ಆ ಹಣದಲ್ಲಿ 6 ಲಕ್ಷಕ್ಕೂ ಹೆಚ್ಚು ಬಂದೂಕುಗಳನ್ನು ಜನರಿಂದ ಬೆಲೆಕೊಟ್ಟು ಕೊಂಡು ನಾಶಪಡಿಸಿತು. ನಮ್ಮ ಸರ್ಕಾರವೂ ಕೆಲವು ಸಾವಿರ ರೂಪಾಯಿ ಕೊಡುವುದಾದರೆ ಅಟ್ಟದಲ್ಲಿ ತುಕ್ಕು ಹಿಡಿಯುತ್ತಿರುವ ಎಷ್ಟೋ ಕೋವಿಗಳು ತಾವಾಗಿಯೇ ಕೆಳಗಿಳಿದಾವೆಂಬುದು ನನ್ನ ಅಂದಾಜು. ಬೆಲೆ ಬೇಕೆನ್ನುವವರು, ಠೇವಣಿ ಇಟ್ಟ ಮೇಲೂ ನಿಗದಿತ ಅವಧಿಯೊಳಗೆ ಅರ್ಹರಿಗೆ ಮಾರಿ ಹಣ ಪಡೆಯಬಹುದು. ಆ ಅವಧಿ ಮೀರಿದರೆ ಜಿಲ್ಲಾ ದಂಡಾಧಿಕಾರಿಗಳ ಆದೇಶದಿಂದ ಆಯುಧ ಸರ್ಕಾರದ ಪಾಲಾಗುತ್ತದೆ. ನಾನು ಅದನ್ನು ಹಿಂದಕ್ಕೆ ಪಡೆಯುವ ಇಚ್ಛೆಯಿಲ್ಲವೆಂದು ಬರೆದುಕೊಟ್ಟು, ಪರವಾನಗಿ ಪುಸ್ತಕವನ್ನು ರಸೀದಿಯ ಪ್ರತಿಯೊಂದಿಗೆ ಜಿಲ್ಲಾಧಿಕಾರಿ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆದುಕೊಂಡೆ.